ಗುಡ್ಡ ಜರಿಯುವ ಮುನ್ನ ಕಾಣುವ ಗುರುತುಗಳು



ಮಡಿಕೇರಿಯು ಗುಡ್ಡಗಳ ನಡುವಿನ ಸಣ್ಣ ಪಟ್ಟಣ. 2018ರ ಆಗಸ್ಟಿನಲ್ಲಿ ಎಡೆಬಿಡದೆ ಸುರಿದ ಮಳೆಗೆ ಅದರ ಸುತ್ತಲಿನ ಮಕ್ಕಂದೂರು, ಜೋಡುಪಾಲ ಮೊದಲಾದ ಹಳ್ಳಿಗಳಲ್ಲಿ ಗುಡ್ಡ ಜರಿದು ಮನೆ, ಗದ್ದೆ, ಕಾಫಿ ತೋಟಗಳು ಮಣ್ಣುಪಾಲಾದವು, ಜೀವಹಾನಿಯೂ ಆಯಿತು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿಯೂ ಕುಸಿಯಿತು.

ನೀರು ಕುಡಿದ ಮಣ್ಣು ಭಾರವಾಗಿ, ಅಡಿಯ ಬಂಡೆಯ ಹಿಡಿತ ತಪ್ಪಿ ಜಾರುತ್ತದೆ. ಇಳಿಜಾರಿನ ಬುಡವನ್ನು ಕಡಿದಲ್ಲಿ ಅಪಾಯ ಹೆಚ್ಚು.

ನೆಲದಲ್ಲಿ ಹೊಸ ಬಿರುಕು, ವಾಲಿದ ಮರಗಳು, ಹೊಸ ಒರತೆ, ತೋಡಿನ ನೀರು ಇದ್ದಕ್ಕಿದ್ದಂತೆ ಕೆಸರಾಗುವುದು ಅಥವಾ ಇಳಿಯುವುದು ಇದರ ಗುರುತುಗಳು. ಒಂದು ಕಂಡರೂ ದನಕರುಗಳ ಹಗ್ಗ ಬಿಚ್ಚಿ, ಮನೆಮಂದಿಯೆಲ್ಲ ಕೂಡಲೇ ಹೊರಡಿರಿ. ಮಳೆ ನಿಂತೊಡನೆ ಮರಳಬೇಡಿರಿ. ನೆನೆದ ಮಣ್ಣು ಆಮೇಲೂ ಜಾರಬಹುದು.