ಸ್ಕ್ಯಾನಿನಲ್ಲಿ ಕಾಣದ ನೋವು
(ಓದಿರಿ: ಮಾರ್ಕ 5:21-43)



ಕಬಡ್ಡಿ ಆಟದಲ್ಲಿ ಬಿದ್ದೋ, ಸೈಕಲ್ ಜಾರಿಯೋ ನಿಮ್ಮ ಮಗನ ತಲೆಗೆ ಪೆಟ್ಟಾಗಿದೆ ಎಂದುಕೊಳ್ಳಿ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಗಾಬರಿಪಡುವಂಥದ್ದು ಏನೂ ಇಲ್ಲವೆಂದು ಮನೆಗೆ ಕಳುಹಿಸಿದ್ದಾರೆ. ನೀವು ದೇವರಿಗೆ ಕೃತಜ್ಞತೆ ಸಲ್ಲಿಸಿದ್ದೀರಿ. ಆದರೆ ತಿಂಗಳು ಕಳೆದರೂ ಹುಡುಗ ತಲೆನೋವು ಎನ್ನುತ್ತಾನೆ. ಟ್ಯೂಬ್‌ಲೈಟಿನ ಬೆಳಕನ್ನೂ ಮಿಕ್ಸಿಯ ಸದ್ದನ್ನೂ ಸಹಿಸುವುದಿಲ್ಲ. ಓದಿದ್ದು ನೆನಪಿನಲ್ಲಿ ನಿಲ್ಲುವುದಿಲ್ಲ. ಸಣ್ಣ ಮಾತಿಗೂ ಸಿಡುಕುತ್ತಾನೆ. ಹತ್ತನೇ ತರಗತಿಯ ಪರೀಕ್ಷೆ ಹತ್ತಿರ ಬರುತ್ತಿದೆ. ಆಗ ಮನೆಯಲ್ಲಿ ಯಾರಾದರೊಬ್ಬರು ಅಂದುಬಿಡುತ್ತಾರೆ: “ಇದೆಲ್ಲ ಓದು ತಪ್ಪಿಸಿಕೊಳ್ಳುವ ನಾಟಕ.”

ಈ ಮಾತು ನಮ್ಮ ಬಾಯಿಂದ ಬರಬಾರದು. ಏಕೆಂದು ನೋಡೋಣ.

ಪೆಟ್ಟು ಎಲ್ಲಿದೆ?

ತಲೆ ಜೋರಾಗಿ ಅಲುಗಿದಾಗ ಬುರುಡೆಯೊಳಗಿನ ಮಿದುಳೂ ಅಲುಗುತ್ತದೆ. ಅದರಿಂದ ನರಕೋಶಗಳ ಕೆಲಸ ಕೆಲವು ಕಾಲ ಏರುಪೇರಾಗುತ್ತದೆ. ವೈದ್ಯರು ಇದನ್ನು ‘ಕನ್‌ಕಷನ್’ ಎನ್ನುತ್ತಾರೆ. ಸ್ಕ್ಯಾನ್ ರಕ್ತಸ್ರಾವವನ್ನೂ ಮೂಳೆ ಮುರಿತವನ್ನೂ ತೋರಿಸುತ್ತದೆ. ಕೋಶಗಳ ಈ ಏರುಪೇರನ್ನು ಸಾಮಾನ್ಯವಾಗಿ ತೋರಿಸುವುದಿಲ್ಲ. ಸ್ಕ್ಯಾನ್ ಸರಿಯಿದೆ ಎಂದ ಮಾತ್ರಕ್ಕೆ ಮಗುವಿಗೆ ನೋವಿಲ್ಲವೆಂದು ಅರ್ಥವಲ್ಲ.

ಬಹುಪಾಲು ಮಕ್ಕಳು ನಾಲ್ಕು ವಾರಗಳಲ್ಲಿ ಗುಣವಾಗುತ್ತಾರೆ, ಎಲ್ಲರೂ ಅಲ್ಲ. ಕೆನಡಾದ ಮಕ್ಕಳ ತುರ್ತುಚಿಕಿತ್ಸಾ ವಿಭಾಗಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, 28 ದಿನಗಳ ನಂತರವೂ ಸುಮಾರು ಮೂವರಲ್ಲಿ ಒಬ್ಬರಿಗೆ ತೊಂದರೆ ಉಳಿದಿತ್ತು. 13 ವರ್ಷ ದಾಟಿದವರು, ಹೆಣ್ಣುಮಕ್ಕಳು, ಮೊದಲೇ ಮೈಗ್ರೇನ್ ಇದ್ದವರು ಇವರಲ್ಲಿ ಹೆಚ್ಚು.

ಯಾಯೀರನ ಮನೆಯಲ್ಲಿ

ಯಾಯೀರನ ಮಗಳಿಗೆ ಹನ್ನೆರಡು ವರ್ಷ. ಪ್ರಭು ಯೇಸು ಅವನ ಮನೆಗೆ ಬಂದಾಗ ಅಲ್ಲಿ ಗದ್ದಲವೋ ಗದ್ದಲ. ಅವರ ಮಾತು ಕೇಳಿ ನೆರೆದವರು ನಕ್ಕರು. ಯೇಸು ಅವರೆಲ್ಲರನ್ನೂ ಹೊರಗೆ ಕಳುಹಿಸಿದರು. ತಂದೆತಾಯಿಯನ್ನೂ ಮೂವರು ಶಿಷ್ಯರನ್ನೂ ಮಾತ್ರ ಒಳಗೆ ಕರೆದುಕೊಂಡು ಹೋದರು. ಹುಡುಗಿಯ ಕೈ ಹಿಡಿದು ಎಬ್ಬಿಸಿದರು. ಕೊನೆಗೆ, ಅವಳಿಗೆ ತಿನ್ನಲು ಏನಾದರೂ ಕೊಡುವಂತೆ ಹೇಳಿದರು.

ಪವಾಡ ಮಾಡುವುದು ದೇವರ ಕೆಲಸ. ಆದರೆ ಗದ್ದಲವನ್ನು ಹೊರಗಿಡುವುದು, ಕೈ ಹಿಡಿಯುವುದು, ಹೊತ್ತಿಗೆ ಸರಿಯಾಗಿ ಊಟ ಕೊಡುವುದು ನಮ್ಮಿಂದಲೂ ಆಗುವ ಕೆಲಸ.

ಮನೆಯಲ್ಲಿ ನಾವು ಮಾಡಬೇಕಾದದ್ದು

1. ನಂಬಿರಿ. “ನಿನಗೆ ಕಷ್ಟವಾಗುತ್ತಿದೆ ಎಂದು ನಮಗೆ ಗೊತ್ತು” ಎಂದು ಹೇಳಿ. ಆದರೆ ಗಂಟೆಗೊಮ್ಮೆ “ಈಗ ಹೇಗಿದೆ?” ಎಂದು ಕೇಳುತ್ತಾ ನೋವನ್ನೇ ನೆನಪಿಸಬೇಡಿ.

2. ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿಸಬೇಡಿ. ಇದು ಹಳೆಯ ಸಲಹೆ. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರ ಅಭಿಪ್ರಾಯದಂತೆ ಮೊದಲ ಒಂದೆರಡು ದಿನ ವಿಶ್ರಾಂತಿ ಸಾಕು. ಆ ದಿನಗಳಲ್ಲಿ ಮೊಬೈಲು, ಟಿ.ವಿ. ಕಡಿಮೆ ಇರಲಿ. ನಂತರ ನಿಧಾನ ನಡಿಗೆಯಂತಹ ಹಗುರವಾದ ಚಟುವಟಿಕೆ ಒಳ್ಳೆಯದು. ನೋವು ಹೆಚ್ಚಾದರೆ ನಿಲ್ಲಿಸಿ, ಮತ್ತೆ ಸ್ವಲ್ಪದರಿಂದ ಆರಂಭಿಸಿ.

3. ಶಾಲೆಯವರೊಡನೆ ಮಾತನಾಡಿ. ವೈದ್ಯರ ಪತ್ರದೊಂದಿಗೆ ಮುಖ್ಯೋಪಾಧ್ಯಾಯರನ್ನು ಕಾಣಿರಿ. ಮೊದಲು ಅರ್ಧ ದಿನ, ನಡುವೆ ವಿರಾಮ, ಹೋಂವರ್ಕ್ ಕಡಿಮೆ ಎಂದು ಕೇಳಿಕೊಳ್ಳಿ. ಗೆಳೆಯನ ನೋಟ್ಸ್ ದೊರೆತರೂ ದೊಡ್ಡ ಸಹಾಯ.

4. ವೈದ್ಯರು ಒಪ್ಪುವವರೆಗೆ ಆಟದ ಮೈದಾನ ಬೇಡ. ಕೆನಡಾದ ಒಂಟಾರಿಯೋದಲ್ಲಿ ರೋವನ್ ಸ್ಟ್ರಿಂಗರ್ ಎಂಬ 17 ವರ್ಷದ ಹುಡುಗಿ ರಗ್ಬಿ ಆಡುವಾಗ ಕೆಲವೇ ದಿನಗಳ ಅಂತರದಲ್ಲಿ ಮತ್ತೆ ಮತ್ತೆ ತಲೆಗೆ ಪೆಟ್ಟು ತಿಂದು 2013ರಲ್ಲಿ ತೀರಿಕೊಂಡಳು. ಅವಳ ಹೆಸರಿನ ಕಾನೂನು ಅಲ್ಲಿ 2018ರಲ್ಲಿ ಅಂಗೀಕಾರವಾಯಿತು. ಮೊದಲ ಪೆಟ್ಟು ಮಾಯುವ ಮುನ್ನ ಎರಡನೆಯದು ಬೀಳಬಾರದು.

5. ನಿತ್ಯವೂ ನೋವಿನ ಮಾತ್ರೆ ನುಂಗಿಸಬೇಡಿ. ಅದರಿಂದಲೇ ತಲೆನೋವು ಬರಬಹುದು. ನಾಲ್ಕು ವಾರ ಕಳೆದರೂ ಗುಣವಾಗದಿದ್ದರೆ ಮತ್ತೆ ವೈದ್ಯರಿಗೆ ತೋರಿಸಿ. ಕುತ್ತಿಗೆ ನೋವಿಗೂ ತಲೆಸುತ್ತಿಗೂ ತಕ್ಕ ವ್ಯಾಯಾಮ ಚಿಕಿತ್ಸೆ ಇದೆ.

6. ಮನಸ್ಸನ್ನೂ ಗಮನಿಸಿ. ಆಟವಿಲ್ಲ, ಗೆಳೆಯರಿಲ್ಲ, ಓದಿನಲ್ಲಿ ಹಿಂದೆ ಬಿದ್ದಿದ್ದಾನೆ. ಹೀಗಿರುವಾಗ ಮಗು ಕುಗ್ಗಿಹೋಗುವುದು ಸಹಜ. ಬದುಕೇ ಬೇಡವೆಂಬ ಮಾತು ಬಂದರೆ ಒಂದು ಕ್ಷಣವೂ ತಡಮಾಡಬೇಡಿ, ಒಂಟಿಯಾಗಿ ಬಿಡಬೇಡಿ. ಸರ್ಕಾರದ ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು.

ಎಚ್ಚರಿಕೆ: ಪೆಟ್ಟಾದ ಮೇಲೆ ಮತ್ತೆ ಮತ್ತೆ ವಾಂತಿ, ಏರುತ್ತಲೇ ಹೋಗುವ ತಲೆನೋವು, ಫಿಟ್ಸ್, ಎಬ್ಬಿಸಲಾಗದ ಮಂಪರು, ತೊದಲು ಮಾತು, ಕೈಕಾಲು ಬಲಹೀನತೆ ಕಂಡರೆ ತಕ್ಷಣ ಆಸ್ಪತ್ರೆಗೆ ಧಾವಿಸಿ.

ದೇವಾಲಯದಲ್ಲಿ, ನೆರೆಹೊರೆಯಲ್ಲಿ

ಭಾನುವಾರದ ಪೂಜೆಗೆ ಮಗ ಬರಲೊಲ್ಲ ಎಂದರೆ ವಿಶ್ವಾಸ ಕುಂದಿತೆಂದು ಅಳಬೇಡಿ. ಗಾಯನವೃಂದದ ಕೀಬೋರ್ಡು, ಧ್ವನಿವರ್ಧಕ ಅವನಿಗೆ ಸುತ್ತಿಗೆಯ ಪೆಟ್ಟಿನಂತೆ ಕೇಳಬಹುದು. ಗದ್ದಲವಿಲ್ಲದ ಮುಂಜಾನೆಯ ಪೂಜೆಗೆ ಕರೆತನ್ನಿ, ಹಿಂದಿನ ಬೆಂಚಿನಲ್ಲಿ ಕೂರಿಸಿ. ಅದೂ ಆಗದಿದ್ದರೆ, ಅನಾರೋಗ್ಯದವರಿಗೆ ಭಾನುವಾರದ ಪೂಜೆ ಕಡ್ಡಾಯವಲ್ಲವೆಂದು ಧರ್ಮಸಭೆಯೇ ಬೋಧಿಸುತ್ತದೆ. ಪರಮಪ್ರಸಾದವನ್ನು ಮನೆಗೆ ತರುವಂತೆ ಗುರುಗಳನ್ನು ಕೇಳಿಕೊಳ್ಳಿ. ಸಂಜೆಯ ಜಪಮಾಲೆಯಲ್ಲಿ ಅವನಿಗೆ ಹತ್ತು ಮಣಿಗಳ ಪ್ರಾರ್ಥನೆಯೇ ಸಾಕು.

ನೆರೆಹೊರೆಯವರೇ, ಇಂಥ ಮನೆಗೆ ಹೋದಾಗ “ಮಗ ಚೆನ್ನಾಗಿಯೇ ಇದ್ದಾನಲ್ಲ!” ಎನ್ನಬೇಡಿ. ತಾಯಿ ರಾತ್ರಿಯೆಲ್ಲ ನಿದ್ದೆಗೆಟ್ಟಿರುತ್ತಾಳೆ. ಅವಳಿಗೆ ಒಂದು ಹೊತ್ತಿನ ಸಾರು ಕೊಡಿ. ಅಣ್ಣನ ಕಾಯಿಲೆಯಿಂದ ಮೂಲೆಗುಂಪಾದ ತಂಗಿಯನ್ನು ನಿಮ್ಮ ಮಕ್ಕಳೊಡನೆ ಧರ್ಮೋಪದೇಶ ತರಗತಿಗೆ ಕರೆದೊಯ್ಯಿರಿ.

ಈ ವಾರ ಕುಟುಂಬದಲ್ಲಿ ಚಿಂತಿಸಿ

• ನಮ್ಮ ಮನೆಯಲ್ಲಿ ಯಾರ ನೋವನ್ನು “ನಾಟಕ” ಎಂದು ತಳ್ಳಿಹಾಕಿದ್ದೇವೆ?
• ನಮ್ಮ ಮನೆಯಿಂದ ಯಾವ ಗದ್ದಲವನ್ನು ಹೊರಗೆ ಕಳುಹಿಸಬೇಕು?

ಪ್ರಾರ್ಥನೆ: ಯಾಯೀರನ ಮಗಳ ಕೈಹಿಡಿದ ಪ್ರಭುವೇ, ಕಾಣದ ನೋವಿನಿಂದ ಬಳಲುವ ನಮ್ಮ ಮಕ್ಕಳ ಕೈಹಿಡಿಯಿರಿ. ಅವರು ನಿಧಾನವಾಗಿ ಗುಣವಾಗುವಾಗ ಕಾಯುವ ತಾಳ್ಮೆಯನ್ನು ನಮಗೆ ಕೊಡಿರಿ. ಆಮೆನ್.