ಸರ್ವರಿಗೆ ಚಿತ್ರಮಯ ಪರದೆ ಅವಶ್ಯವೆ?

ಗಣಕಯಂತ್ರದಲ್ಲಿ ಲಿನಕ್ಸ್ ವ್ಯವಸ್ಥೆಯನ್ನು ಅಳವಡಿಸುವವರು ಮೊದಲಿಗೇ ಒಂದು ಪ್ರಶ್ನೆಗೆ ಉತ್ತರ ಹೇಳಬೇಕಾಗುತ್ತದೆ: ಡೆಸ್ಕ್‌ಟಾಪ್ ಬೇಕೆ, ಬೇಡವೆ? ಕಿಟಕಿಗಳು, ಪುಟ್ಟ ಚಿತ್ರಗಳು, ಮೌಸಿನ ಬಾಣ ಇವೆಲ್ಲ ಕೂಡಿದ ಚಿತ್ರಮಯ ಪರದೆಗೆ ಡೆಸ್ಕ್‌ಟಾಪ್ ಎಂದು ಹೆಸರು. ನಿತ್ಯವೂ ನಾವು ಕಾಣುವ ಗಣಕಗಳು ಇಂಥವೇ ಆದುದರಿಂದ, ಇದಿಲ್ಲದ ಗಣಕವು ಅಪೂರ್ಣವೆಂದು ವಿದ್ಯಾರ್ಥಿಗಳಿಗೆ ತೋರುವುದು ಸಹಜ. ಆದರೆ ಲಿನಕ್ಸಿನಲ್ಲಿ ಡೆಸ್ಕ್‌ಟಾಪ್ ತಿರುಳಲ್ಲ. ತಿರುಳಿನ ಮೇಲೆ ನಡೆಯುವ ಇನ್ನೊಂದು ತಂತ್ರಾಂಶ ಮಾತ್ರ. ಅದನ್ನು ತೆಗೆದರೂ ಯಂತ್ರದ ಕೆಲಸಕ್ಕೆ ಚ್ಯುತಿ ಬಾರದು.

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಕೇರಳದ ಕೈಟ್ ಸಂಸ್ಥೆಯು ಸಿದ್ಧಪಡಿಸಿದ ಲಿನಕ್ಸಿನಲ್ಲಿ ಪಾಠ ಕಲಿಯುತ್ತಾರೆ. ಅಲ್ಲಿ ಡೆಸ್ಕ್‌ಟಾಪ್ ಬೇಕೇ ಬೇಕು. ಮಗುವಿನ ಕಣ್ಣು ಪರದೆಯ ಮೇಲಿದೆಯಷ್ಟೆ. ಸರ್ವರಿನ ಸಂಗತಿ ಬೇರೆ. ಜಾಲದ ಮೂಲಕ ಇತರ ಗಣಕಗಳಿಗೆ ಕಡತ, ಅಂಚೆ, ಪುಟ ಮೊದಲಾದುವನ್ನು ಒದಗಿಸುವುದು ಅದರ ಧರ್ಮ. ಅದರ ಎದುರಿಗೆ ಯಾರೂ ಕುಳಿತಿರುವುದಿಲ್ಲ. ನೋಡುವವರಿಲ್ಲದ ಚಿತ್ರವನ್ನು ಅದು ಯಾರಿಗಾಗಿ ಬರೆಯಬೇಕು?

ಒಂದು ಉದಾಹರಣೆಯನ್ನು ಊಹಿಸೋಣ. ಸರ್ವರ್ ವಿಜಯವಾಡದಲ್ಲಿದೆ, ಅದನ್ನು ನೋಡಿಕೊಳ್ಳುವವರು ಸುಮಾರು 350 ಕಿಲೋಮೀಟರ್ ದೂರದ ವಿಶಾಖಪಟ್ಟಣದಲ್ಲಿದ್ದಾರೆ. ಅಕ್ಷರದ ಪರದೆಯಲ್ಲಿ 80 ಅಕ್ಷರಗಳ 25 ಸಾಲುಗಳಿದ್ದರೆ ಒಟ್ಟು 2,000 ಅಕ್ಷರ. ಇಂಗ್ಲಿಷ್ ಲಿಪಿಯಲ್ಲಿ ಅದು 2,000 ಬೈಟುಗಳು. 1920ಕ್ಕೆ 1080 ಬಿಂದುಗಳ ಚಿತ್ರಪರದೆಯಲ್ಲಿ 20,73,600 ಬಿಂದುಗಳಿವೆ. ಬಿಂದುವೊಂದಕ್ಕೆ 3 ಬೈಟಿನಂತೆ 62,20,800 ಬೈಟುಗಳಾದುವು. ಮೂರು ಸಾವಿರ ಪಟ್ಟಿಗೂ ಮಿಗಿಲು! ಬದಲಾದ ಭಾಗವನ್ನಷ್ಟೇ ಸಂಕೋಚಿಸಿ ಕಳುಹಿಸುವ ಉಪಾಯಗಳಿವೆಯೆಂಬುದು ನಿಜ. ಆದರೂ ಅಂತರ ಅಳಿಯುವುದಿಲ್ಲ.

ಸಾಮಾನ್ಯ ದಿನಗಳಲ್ಲಿ ಈ ಲೆಕ್ಕ ಯಾರಿಗೂ ನೆನಪಾಗದು. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತವು ವಿಶಾಖಪಟ್ಟಣಕ್ಕೆ ಅಪ್ಪಳಿಸಿದಾಗ ವಿದ್ಯುತ್ತೂ ದೂರವಾಣಿಯೂ ಕಡಿದುಹೋದುವು. 2024ರ ಸೆಪ್ಟೆಂಬರಿನಲ್ಲಿ ಬುಡಮೇರು ತೊರೆ ಉಕ್ಕಿ ವಿಜಯವಾಡದ ಸಿಂಗ್ ನಗರ ಜಲಾವೃತವಾಯಿತು. ಅಂಥ ಹೊತ್ತಿನಲ್ಲಿ ಕ್ಷೀಣವಾದ ಸಂಪರ್ಕವೊಂದು ಸಿಕ್ಕಿದರೂ ದೊಡ್ಡದು. 1995ರಲ್ಲಿ ಫಿನ್ಲೆಂಡಿನ ತಾತು ಇಲೋನೆನ್ ಅವರು ರಚಿಸಿದ ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಮಾರ್ಗದಿಂದ, ಆ ಎಳೆಯಲ್ಲಿಯೇ ನಾಲ್ಕು ಆದೇಶಗಳನ್ನು ಕಳುಹಿಸಿ ಕಡತಗಳನ್ನು ಬೇರೆಡೆಗೆ ಸಾಗಿಸಲು ತೊಡಗಬಹುದು. ಚಿತ್ರಪರದೆ ಮೂಡುವುದನ್ನೇ ಕಾಯುತ್ತ ಕುಳಿತರೆ ಸಂಪರ್ಕವೇ ಕಡಿಯಬಹುದು.

ನೆನಪಿನ ವೆಚ್ಚವೂ ಉಂಟು. ಡೆಬಿಯನ್ ಕೈಪಿಡಿಯು ಡೆಸ್ಕ್‌ಟಾಪ್ ಇಲ್ಲದ ಯಂತ್ರಕ್ಕೆ 512 ಎಂಬಿ, ಇರುವುದಕ್ಕೆ 2 ಜಿಬಿ ಮೆಮೊರಿಯನ್ನು ಸೂಚಿಸುತ್ತದೆ. ತಂತ್ರಾಂಶ ಹೆಚ್ಚಿದಷ್ಟೂ ಸರಿಪಡಿಸಬೇಕಾದ ದೋಷಗಳು ಹೆಚ್ಚು. ಇನ್ನೊಂದು ವಿನೋದ ಕೇಳಿರಿ: 2018ರಲ್ಲಿ ಹೊರಬಂದ ಗ್ನೋಮ್ 3.28 ಎಂಬ ಡೆಸ್ಕ್‌ಟಾಪ್, ಇಪ್ಪತ್ತು ನಿಮಿಷ ಯಾರೂ ಮುಟ್ಟದಿದ್ದರೆ ಯಂತ್ರವನ್ನು ತಾನಾಗಿ ಮಲಗಿಸುವ ಪದ್ಧತಿಯನ್ನು ತಂದಿತು. ಮನೆಯ ಗಣಕಕ್ಕೆ ಇದು ಉಳಿತಾಯ. ರಾತ್ರಿಯಿಡೀ ಎಚ್ಚರವಿರಬೇಕಾದ ಸರ್ವರಿಗೆ ಏನಾದೀತು?

ಹಾಗೆಂದು ಡೆಸ್ಕ್‌ಟಾಪ್ ಸರ್ವಥಾ ವರ್ಜ್ಯವೆಂದು ನಾವು ಹೇಳೆವು. ಚಿತ್ರಪರದೆಯಿಲ್ಲದೆ ಓಡದ ತಂತ್ರಾಂಶಗಳು ಕೆಲವಿವೆ. ಆದೇಶಗಳನ್ನು ಅರಿಯದ ಒಬ್ಬರೇ ಯಂತ್ರಪಾಲಕರಿರುವ ಸಣ್ಣ ಶಾಲೆಯಲ್ಲಿ, ಯಾರೂ ಮುಟ್ಟಲಂಜುವ ಸರ್ವರಿಗಿಂತ ಮೌಸಿನಿಂದ ನಡೆಯುವ ಸರ್ವರೇ ಲೇಸು. ಆದರೆ ಅಲ್ಲಿಯೂ ಕಾಕ್‌ಪಿಟ್ ಎಂಬ ಸಲಕರಣೆಯನ್ನು ಹಾಕಿಕೊಂಡರೆ, ತಮ್ಮ ಗಣಕದ ಬ್ರೌಸರಿನಿಂದಲೇ ಸರ್ವರನ್ನು ನೋಡಿಕೊಳ್ಳಬಹುದು. ಚಿತ್ರ ಬಿಡಿಸುವ ಹೊರೆ ಪಾಲಕರ ಯಂತ್ರಕ್ಕೆ ಬೀಳುತ್ತದೆ. ಡೆಸ್ಕ್‌ಟಾಪನ್ನು ಈಗಾಗಲೇ ಹಾಕಿಯಾಗಿದ್ದರೆ, ಯಂತ್ರವು ಅಕ್ಷರದ ಪರದೆಯಲ್ಲಿಯೇ ಏಳುವಂತೆ ವಿಧಿಸಿ, ಬೇಕಾದಾಗ ಮಾತ್ರ ಅದನ್ನು ಕರೆಯಬಹುದು.

ಡೆಸ್ಕ್‌ಟಾಪ್ ಬೇಡವೆಂದು ನಿರ್ಧರಿಸಿದವರು, ಪರದೆಯ ತಂತಿಯನ್ನು ಕಳಚುವ ಮುನ್ನ ಇನ್ನೊಂದು ಗಣಕದಿಂದ ಎಸ್‌ಎಸ್‌ಎಚ್ ಮೂಲಕ ಒಳಹೊಕ್ಕು ನೋಡತಕ್ಕದ್ದು. ಯಂತ್ರವನ್ನು ಒಮ್ಮೆ ಆರಿಸಿ ಹೊತ್ತಿಸಿ, ಮತ್ತೊಮ್ಮೆ ಹೊಕ್ಕು ನೋಡಬೇಕು. ಹಳೆಯದೊಂದು ಪರದೆಯನ್ನೂ ಕೀಲಿಮಣೆಯನ್ನೂ ಅದೇ ಕೋಣೆಯ ಕಪಾಟಿನಲ್ಲಿ ಇರಿಸಿರಬೇಕು.