ಹತ್ತು ಬಾರಿ ಎತ್ತಬಲ್ಲಷ್ಟು ಭಾರ



ಕೆಲವು ತಿಂಗಳ ಹಿಂದೆ ಒಬ್ಬ ತಾಯಿ ತಮ್ಮ ಮಗನನ್ನು ಕರೆದುಕೊಂಡು ನನ್ನ ಬಳಿ ಬಂದಿದ್ದರು. ಹುಡುಗನಿಗೆ ಇಪ್ಪತ್ತೆರಡು ವರ್ಷ. ಜಿಮ್‌ಗೆ ಸೇರಿ ಆರು ತಿಂಗಳಾಗಿತ್ತು. ಜೊತೆಗಾರ ಎತ್ತಿದ ಭಾರವನ್ನೇ ತಾನೂ ಎತ್ತಲು ಹೋಗಿ ಸೊಂಟ ಹಿಡಿದುಕೊಂಡಿತ್ತು. ವೈದ್ಯರು ಪರೀಕ್ಷಿಸಿ, ಮೂಳೆಗೂ ನರಕ್ಕೂ ಏನೂ ಆಗಿಲ್ಲ, ನಿಧಾನವಾಗಿ ಓಡಾಡು, ಸಣ್ಣ ಸಣ್ಣ ವ್ಯಾಯಾಮ ಶುರುಮಾಡು ಎಂದಿದ್ದರು. ಆದರೆ ತಾಯಿಗೆ ಭಯ. ಎರಡು ತಿಂಗಳಿಂದ ಮಗನನ್ನು ಹಾಸಿಗೆಯಿಂದ ಏಳಲು ಬಿಟ್ಟಿರಲಿಲ್ಲ.

“ಇವನಿಗೆ ಸ್ವಲ್ಪ ಬುದ್ಧಿ ಹೇಳಿ ಫಾದರ್, ಆ ಕಬ್ಬಿಣದ ಸಹವಾಸವೇ ಬೇಡ. ಅದು ಸಾಲದು ಅಂತ ಈಗ ಕೋರ್ಸು ಮಾಡಿ ತಾನೇ ಟ್ರೈನರ್ ಆಗುತ್ತಾನಂತೆ. ತನ್ನ ಸೊಂಟವನ್ನೇ ಮುರಿದುಕೊಂಡವನು ಇನ್ನೊಬ್ಬರಿಗೆ ಏನು ಕಲಿಸುತ್ತಾನೆ?” ಎಂದರು.

ಆ ತಾಯಿ ಕೇಳಿದ್ದು ಸಿಟ್ಟಿನಲ್ಲಿ. ಆದರೂ ಪ್ರಶ್ನೆ ಒಳ್ಳೆಯದು. ಪೆಟ್ಟು ತಿಂದವನು ಇನ್ನೊಬ್ಬರಿಗೆ ಏನು ಕಲಿಸಬಲ್ಲ? ಸೊಂಟದ ವಿಷಯದಲ್ಲಿ ಬುದ್ಧಿ ಹೇಳುವುದು ವೈದ್ಯರ ಕೆಲಸ, ನನ್ನದಲ್ಲ. ಹಾಗಾಗಿ ನಾನು ಅವರಿಬ್ಬರಿಗೂ ಒಬ್ಬ ಮನುಷ್ಯನ ಕತೆ ಹೇಳಿದೆ. ಅದನ್ನೇ ಇಲ್ಲಿ ತುಸು ವಿಸ್ತಾರವಾಗಿ ನಿಮ್ಮ ಮುಂದಿಡುತ್ತೇನೆ.

ಆತನ ಹೆಸರು ಥಾಮಸ್ ಡಿಲೋರ್ಮ್. 1917ರಲ್ಲಿ ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಹುಟ್ಟಿದವನು. ಹದಿಹರೆಯದಲ್ಲಿ ಅವನಿಗೆ ಸಂಧಿವಾತ ಜ್ವರ ಬಂತು. ಇದು ಗಂಟಲಿನ ಸೋಂಕಿನಿಂದ ಶುರುವಾಗುವ ಕಾಯಿಲೆ. ಗಂಟಲು ವಾಸಿಯಾಗಿ ಎರಡು ಮೂರು ವಾರಗಳಾದ ಮೇಲೆ ಕೀಲುಗಳು ಊದಿಕೊಳ್ಳುತ್ತವೆ. ಕೆಲವರಲ್ಲಿ ಹೃದಯದ ಕವಾಟಗಳಿಗೂ ಹಾನಿಯಾಗುತ್ತದೆ. 1930ರ ದಶಕದ ಆರಂಭದಲ್ಲಿ ಪೆನಿಸಿಲಿನ್ ಇನ್ನೂ ವೈದ್ಯರ ಕೈಗೆ ಬಂದಿರಲಿಲ್ಲ. ಹಾಸಿಗೆಯೇ ಔಷಧ. ಹುಡುಗ ನಾಲ್ಕು ತಿಂಗಳು ಮಲಗಿದ. ಎದ್ದಾಗ ವೈದ್ಯರು ಹೇಳಿದ್ದು ಇಷ್ಟೇ: ಇನ್ನು ಮುಂದೆ ದೇಹಕ್ಕೆ ದಣಿವಾಗುವ ಯಾವ ಕೆಲಸವನ್ನೂ ಮಾಡಬೇಡ.

ಅವನು ಕೇಳಲಿಲ್ಲ. ಭಾರ ಎತ್ತಲು ತೊಡಗಿದ. ಸ್ವಲ್ಪದರಿಂದ ಆರಂಭಿಸಿ, ದೇಹ ಒಪ್ಪಿದಂತೆಲ್ಲ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋದ. ಕೆಲವು ವರ್ಷಗಳಲ್ಲಿ ಗಟ್ಟಿಮುಟ್ಟಾದ ತರುಣನಾದ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಡಿಲೋರ್ಮ್ ವೈದ್ಯರ ಮಾತು ಮೀರಿ ಬದುಕಿದ ಎಂದು ನಮ್ಮ ಮಕ್ಕಳೂ ಮೀರಬೇಕೆಂದಿಲ್ಲ. ನಮ್ಮ ದೇಶದಲ್ಲಿ ಈ ಕಾಯಿಲೆ ಇನ್ನೂ ಇದೆ. ಮಗುವಿಗೆ ಗಂಟಲು ನೋವು, ಜ್ವರ ಬಂದು, ಕೆಲವು ವಾರಗಳ ಬಳಿಕ ಕೀಲುಗಳು ಒಂದಾದ ಮೇಲೊಂದು ಊದಿಕೊಂಡರೆ ಕಷಾಯ ಕುಡಿಸುತ್ತಾ ಕೂರಬೇಡಿ. ಒಮ್ಮೆ ಈ ಜ್ವರ ಬಂದ ಮಕ್ಕಳಿಗೆ ಮೂರು ನಾಲ್ಕು ವಾರಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ವರ್ಷಗಟ್ಟಲೆ ಕೊಡಬೇಕಾಗುತ್ತದೆ. ಹೃದಯ ಎಷ್ಟು ಶ್ರಮ ತಾಳೀತು ಎಂಬುದನ್ನು ಇಂದು ಪರೀಕ್ಷೆ ಮಾಡಿಯೇ ಹೇಳಬಹುದು. ಆ ಹುಡುಗನ ಕಾಲದಲ್ಲಿ ಅದೂ ಇರಲಿಲ್ಲ.

ಭಾರ ಎತ್ತುವುದೆಂದರೆ ಆಗಿನ ವೈದ್ಯರಲ್ಲಿ ಹಲವರಿಗೆ ಅಪನಂಬಿಕೆ. ಹೃದಯ ಕೆಡುತ್ತದೆ, ಮಾಂಸಖಂಡಗಳು ಬಿಗಿದುಕೊಂಡು ಮೈ ಬಾಗದಂತಾಗುತ್ತದೆ ಎಂದು ಹೇಳುತ್ತಿದ್ದರು. ಕಸರತ್ತಿನ ವಿದ್ಯೆಯೆಲ್ಲ ಗರಡಿಗಳಲ್ಲೂ ವ್ಯಾಯಾಮಶಾಲೆಗಳಲ್ಲೂ ಉಳಿದಿತ್ತು. ಅದೇ ದಶಕದಲ್ಲಿ ನಮ್ಮ ಬೆಂಗಳೂರಿನಲ್ಲಿ ಕೆ. ವಿ. ಅಯ್ಯರ್ ಅವರು, ಮುಂದೆ ‘ಶಾಂತಲಾ’ ಕಾದಂಬರಿಯಿಂದ ಮನೆಮಾತಾದವರು, ವ್ಯಾಯಾಮಶಾಲೆ ನಡೆಸಿ ತರುಣರಿಗೆ ಅಂಗಸಾಧನೆ ಕಲಿಸುತ್ತಿದ್ದರು. ಆದರೆ ಆ ವಿದ್ಯೆ ಆಸ್ಪತ್ರೆಯ ಬಾಗಿಲು ದಾಟಿ ಒಳಗೆ ಹೋಗಿರಲಿಲ್ಲ. ಅದನ್ನು ಒಳಗೆ ಕರೆದೊಯ್ದವರಲ್ಲಿ ಡಿಲೋರ್ಮ್ ಮುಖ್ಯರು. ಏಕೆಂದರೆ ಅಷ್ಟು ಹೊತ್ತಿಗೆ ಅವರೇ ವೈದ್ಯರಾಗಿದ್ದರು.

ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. 1944ರಲ್ಲಿ ಅವರು ಷಿಕಾಗೊದ ಗಾರ್ಡಿನರ್ ಜನರಲ್ ಎಂಬ ಸೇನಾ ಆಸ್ಪತ್ರೆಗೆ ವೈದ್ಯರಾಗಿ ಬಂದರು. ಗಾಯಗೊಂಡ ಸೈನಿಕರಿಂದ ಆಸ್ಪತ್ರೆ ತುಂಬಿ ತುಳುಕುತ್ತಿತ್ತು. ಶಸ್ತ್ರಚಿಕಿತ್ಸೆ ಆಗಿದೆ, ಪ್ಲಾಸ್ಟರ್ ಬಿಚ್ಚಿದೆ, ಗಾಯ ಮಾಗಿದೆ. ಆದರೂ ಸೈನಿಕ ಮಂಚ ಬಿಟ್ಟು ಹೋಗಲಾರ, ಏಕೆಂದರೆ ಮೊಣಕಾಲು ನಿಲ್ಲುತ್ತಿಲ್ಲ. ಮೊಣಕಾಲನ್ನು ಹಿಡಿದು ನಿಲ್ಲಿಸುವುದು ಬಹುಮಟ್ಟಿಗೆ ತೊಡೆಯ ಮುಂಭಾಗದ ದೊಡ್ಡ ಸ್ನಾಯು. ಕಾಲನ್ನು ಕೆಲವು ವಾರ ಅಲುಗಾಡಿಸದೆ ಇಟ್ಟರೆ ಆ ಸ್ನಾಯು ಕಣ್ಣಿಗೆ ಕಾಣುವಷ್ಟು ಸೊರಗುತ್ತದೆ. ಪ್ಲಾಸ್ಟರ್ ಹಾಕಿಸಿಕೊಂಡವರಿಗೆಲ್ಲ ಇದು ಗೊತ್ತು. ಆಗಿನ ಚಿಕಿತ್ಸೆಯೆಂದರೆ ಹಗುರವಾದ ಚಲನೆಗಳನ್ನು ನೂರಾರು ಸಲ ಮಾಡಿಸುವುದು. ರೋಗಿ ದಣಿಯುತ್ತಿದ್ದ, ಬೇಸತ್ತು ಹೋಗುತ್ತಿದ್ದ, ಬಲ ಮಾತ್ರ ಬರುತ್ತಿರಲಿಲ್ಲ.

ಆ ರೋಗಿಗಳ ನಡುವೆ ಒಬ್ಬ ಸಾರ್ಜೆಂಟ್ ಇದ್ದ. ಪ್ಯಾರಾಶೂಟ್‌ನಲ್ಲಿ ಹಾರಿ ಮೊಣಕಾಲು ಕೆಡಿಸಿಕೊಂಡವನು. ಅವನೂ ಹಿಂದೆ ಭಾರ ಎತ್ತುತ್ತಿದ್ದವನೇ. ಡಿಲೋರ್ಮ್ ತಮ್ಮ ಮೈಯ ಮೇಲೆ ತಾವೇ ಕಲಿತದ್ದನ್ನು ಅವನ ಕಾಲಿನ ಮೇಲೆ ಪ್ರಯೋಗಿಸಿದರು. ಕಬ್ಬಿಣದ ಅಡಿಯುಳ್ಳ ಒಂದು ಪಾದರಕ್ಷೆ. ಅದನ್ನು ಕಾಲಿಗೆ ಬಿಗಿದು ಕಟ್ಟಬೇಕು. ಅದಕ್ಕೆ ಅಡ್ಡಲಾಗಿ ಒಂದು ಸರಳು, ಸರಳಿನ ಎರಡು ತುದಿಗೂ ಬೇಕಾದಷ್ಟು ಬಿಲ್ಲೆಗಳನ್ನು ಸೇರಿಸಬಹುದು. ರೋಗಿ ಮೇಜಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ಮೊಣಕಾಲನ್ನು ನಿಧಾನವಾಗಿ ನೇರ ಮಾಡಬೇಕು, ನಿಧಾನವಾಗಿ ಇಳಿಸಬೇಕು. ಸಾರ್ಜೆಂಟನ ಕಾಲು ಬಲವಾಯಿತು. ಬಳಿಕ ಇತರರದೂ. ಕೈಗೆ, ಭುಜಕ್ಕೆ, ಸೊಂಟಕ್ಕೆ ಬೇರೆ ಬೇರೆ ಸಾಧನಗಳು ಬಂದವು. 1945ರಲ್ಲಿ ಅವರು ಮೂಳೆ ಮತ್ತು ಕೀಲು ಶಸ್ತ್ರಚಿಕಿತ್ಸೆಯ ಪತ್ರಿಕೆಯೊಂದರಲ್ಲಿ ಈ ಪದ್ಧತಿಯನ್ನು ಪ್ರಕಟಿಸಿದರು.

ಪದ್ಧತಿಯ ತಿರುಳು ಯಾವುದೆಂದು ಸ್ವಲ್ಪ ನಿಂತು ನೋಡೋಣ. ಎಷ್ಟು ಭಾರ ಎಂಬ ಪ್ರಶ್ನೆಗೆ ಡಿಲೋರ್ಮ್ ಕಿಲೋ ಲೆಕ್ಕದಲ್ಲಾಗಲಿ ಪೌಂಡ್ ಲೆಕ್ಕದಲ್ಲಾಗಲಿ ಉತ್ತರ ಕೊಡಲಿಲ್ಲ. ಈ ಮನುಷ್ಯ, ಈ ಕಾಲಿನಿಂದ, ಈ ವಾರ, ಹತ್ತೇ ಹತ್ತು ಬಾರಿ ಎತ್ತಬಲ್ಲಷ್ಟು ಎಂದರು. ಹನ್ನೊಂದನೆಯ ಬಾರಿ ಆಗಬಾರದು. ಅದೇ ಅವನ ಅಳತೆ. ಒಬ್ಬನಿಗೆ ಅದು ಎರಡು ಕಿಲೋ ಇರಬಹುದು, ಪಕ್ಕದ ಮಂಚದವನಿಗೆ ಹದಿನೈದು. ಮೊದಮೊದಲು ದಿನಕ್ಕೆ ಎಪ್ಪತ್ತರಿಂದ ನೂರು ಬಾರಿ ಮಾಡಿಸುತ್ತಿದ್ದರು. ಅದು ಹೆಚ್ಚಾಯಿತೆಂದು ತಾವೇ ಕಂಡುಕೊಂಡು, 1948ರಲ್ಲಿ ವಾಟ್ಕಿನ್ಸ್ ಎಂಬ ವೈದ್ಯರೊಡನೆ ಸೇರಿ ಇಳಿಸಿದರು. ಹತ್ತು ಬಾರಿ ಎತ್ತಬಲ್ಲ ಭಾರ 8 ಕಿಲೋ ಎಂದಿಟ್ಟುಕೊಳ್ಳಿ. ಮೊದಲು ಅದರ ಅರ್ಧ, 4 ಕಿಲೋ, ಹತ್ತು ಬಾರಿ. ಬಳಿಕ ಮುಕ್ಕಾಲು, 6 ಕಿಲೋ, ಹತ್ತು ಬಾರಿ. ಕೊನೆಗೆ ಪೂರ್ತಿ 8 ಕಿಲೋ, ಹತ್ತು ಬಾರಿ. ಅಷ್ಟೇ. ಹತ್ತಕ್ಕಿಂತ ಹೆಚ್ಚು ಬಾರಿ ಎತ್ತಲು ಸಾಧ್ಯವಾದಾಗ ಬಿಲ್ಲೆ ಏರುತ್ತದೆ. (ಮುಂದೆ ಆಕ್ಸ್‌ಫರ್ಡ್‌ನಲ್ಲಿ ಇದನ್ನೇ ತಿರುಗಿಸಿ, ದಣಿದ ಸ್ನಾಯುವಿಗೆ ಕೊನೆಯಲ್ಲಿ ದೊಡ್ಡ ಭಾರ ಬೇಡವೆಂದು, ಪೂರ್ತಿ ಭಾರದಿಂದ ಆರಂಭಿಸಿ ಇಳಿಸುತ್ತಾ ಬಂದರು. ಜಗಳ ಕ್ರಮದ ಬಗ್ಗೆಯಷ್ಟೇ, ಅಳತೆಯ ಬಗ್ಗೆ ಅಲ್ಲ.)

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಅರಿಸ್ಟಾಟಲನ ನೀತಿಶಾಸ್ತ್ರ ಗ್ರಂಥದ ಎರಡನೆಯ ಭಾಗ ನಮಗೆ ಪಾಠವಾಗಿತ್ತು. ಸದ್ಗುಣವು ಅತಿ ಮತ್ತು ಕೊರತೆಗಳ ನಡುವಿನ ಮಧ್ಯಮ ಎಂದು ಪರೀಕ್ಷೆಗೆ ಬಾಯಿಪಾಠ ಮಾಡಿದೆವು. ಆ ಮಾತಿಗೆ ಅವನು ಕೊಟ್ಟ ಉದಾಹರಣೆ ಮಾತ್ರ ನನಗೆ ಬಹಳ ಕಾಲ ಮರೆತೇ ಹೋಗಿತ್ತು. ಅದು ಗರಡಿಮನೆಯ ಉದಾಹರಣೆ! ಹತ್ತು ಅಳತೆ ಆಹಾರ ಹೆಚ್ಚು, ಎರಡು ಅಳತೆ ಕಡಿಮೆ ಎಂದ ಮಾತ್ರಕ್ಕೆ ತರಬೇತುದಾರ ಎಲ್ಲರಿಗೂ ಆರು ಅಳತೆ ಬಡಿಸುವುದಿಲ್ಲ. ಅದು ಜಟ್ಟಿ ಮಿಲೋನಿಗೆ ಸಾಲದು, ಹೊಸದಾಗಿ ಅಭ್ಯಾಸಕ್ಕೆ ಬಂದವನಿಗೆ ಅತಿಯಾಗುತ್ತದೆ. ಲೆಕ್ಕದ ಮಧ್ಯ ಬೇರೆ, ನಮಗೆ ತಕ್ಕ ಮಧ್ಯ ಬೇರೆ ಎಂಬುದು ಅವನ ವಾದ. ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಬಳಿಕ ಕಬ್ಬಿಣದ ಪಾದರಕ್ಷೆ ಕಟ್ಟಿದ ವೈದ್ಯರು ಆ ‘ನಮಗೆ ತಕ್ಕದ್ದನ್ನು’ ಎಣಿಸುವ ಒಂದು ದಾರಿ ತೋರಿಸಿದರು.

ಈ ಮಿಲೋನ ಬಗ್ಗೆಯೇ ಇನ್ನೊಂದು ಕತೆ ಇದೆ. ಅವನು ಕರುವೊಂದನ್ನು ದಿನವೂ ಹೊತ್ತು ತಿರುಗುತ್ತಿದ್ದನಂತೆ, ಕರು ಬೆಳೆದು ಗೂಳಿಯಾದಾಗಲೂ ಹೊತ್ತನಂತೆ. ಜಿಮ್‌ಗಳಲ್ಲಿ ಈ ಕತೆಯನ್ನು ಬಹಳ ಮೆಚ್ಚಿ ಹೇಳುತ್ತಾರೆ. ನನಗೆ ಅದರಲ್ಲಿ ಒಂದು ತಕರಾರಿದೆ. ಕರು ಬೆಳೆಯುವುದು ತನ್ನ ವೇಗದಲ್ಲಿ. ಹೊರುವವನಿಗೆ ನೆಗಡಿ ಬಂದಿದೆ, ರಾತ್ರಿ ನಿದ್ದೆ ಇಲ್ಲ, ಹಳೆಯ ನೋವು ಮರುಕಳಿಸಿದೆ ಎಂದು ಕರು ಕಾಯುವುದಿಲ್ಲ. ಮಿಲೋ ಬದುಕಿದ, ಅವನು ಮಿಲೋ. ನನ್ನ ಬಳಿ ಬಂದ ಹುಡುಗನಿಗೆ ಅವನ ಜೊತೆಗಾರನೇ ಆ ಕರುವಾಗಿದ್ದ. ಡಿಲೋರ್ಮ್ ಅವರ ಬಿಲ್ಲೆಗಳು ಹಾಗಲ್ಲ. ಕಾಲು ಒಪ್ಪದಿದ್ದರೆ ಬಿಲ್ಲೆ ಏರುವುದಿಲ್ಲ.

ಈ ಪದ್ಧತಿಗೆ ಮೊದಲು ಇಟ್ಟ ಹೆಸರು ‘ಭಾರಿ ಪ್ರತಿರೋಧದ ವ್ಯಾಯಾಮ’ ಎಂಬರ್ಥದ್ದು. ರೋಗಿಗಳು ಹೆಸರು ಕೇಳಿಯೇ ಹೆದರುತ್ತಿದ್ದರು. ಆಗ ಡಿಲೋರ್ಮ್ ಅವರ ಪತ್ನಿ ‘ಭಾರಿ’ ಎನ್ನುವುದನ್ನು ಬಿಟ್ಟು ‘ಕ್ರಮವಾಗಿ ಏರುವ’ ಎನ್ನಬಾರದೇ ಎಂದು ಸಲಹೆ ಕೊಟ್ಟರಂತೆ. ಆ ಹೆಸರೇ ನಿಂತಿತು. 1951ರಲ್ಲಿ ಬಂದ ಪುಸ್ತಕಕ್ಕೂ ಅದೇ ಹೆಸರು. ಮನೆಯ ಮಾತು ಕೇಳಿದ್ದರಿಂದ ಗಂಡಸರಿಗೆ ಲಾಭವಾದ ಸಂದರ್ಭಗಳಲ್ಲಿ ಇದೂ ಒಂದು!

ಯುದ್ಧದ ಬಳಿಕ ಅವರು ಬಾಸ್ಟನ್ನಿಗೆ ಹೋಗಿ ಪೋಲಿಯೋ ಪೀಡಿತರ ಕಾಲುಗಳ ಮೇಲೂ ಕೆಲಸ ಮಾಡಿದರು. ಸತ್ತ ನರವನ್ನು ಯಾವ ವ್ಯಾಯಾಮವೂ ಬದುಕಿಸದು. ಆದರೆ ಉಳಿದಿರುವ ಸ್ನಾಯುವಿನ ಬಲವನ್ನು ಹೆಚ್ಚಿಸಬಹುದು ಎಂಬುದನ್ನು ಅಳೆದು ತೋರಿಸಿದರು. ಅವರು 2003ರಲ್ಲಿ ತೀರಿಕೊಂಡರು. ಇಂದು ಫಿಸಿಯೋಥೆರಪಿ ಕೋಣೆಯಲ್ಲಿ ನಿಮ್ಮ ಕಾಲಿಗೆ ಮರಳಿನ ಚೀಲ ಕಟ್ಟಿ “ಹತ್ತು ಸಲ ಎತ್ತಿ” ಎನ್ನುವಾಗ, ಜಿಮ್‌ನಲ್ಲಿ “ಹತ್ತರಂತೆ ಮೂರು ಸೆಟ್” ಎನ್ನುವಾಗ, ಹೇಳುವವರಿಗೆ ಗೊತ್ತಿರಲಿ ಬಿಡಲಿ, ಅದು ಬಹುಮಟ್ಟಿಗೆ ಅವರು ಹಾಕಿಕೊಟ್ಟ ಲೆಕ್ಕ.

ಈಗ ನಮ್ಮ ಪಟ್ಟಣಗಳ ಜಿಮ್‌ಗಳಲ್ಲಿ ‘ಪರ್ಸನಲ್ ಟ್ರೈನಿಂಗ್’ ಎಂದು ಬೇರೆಯೇ ಶುಲ್ಕ ಕೇಳುತ್ತಾರೆ. ತಂದೆತಾಯಿಯರೇ, ಹಣ ಕೊಡುವ ಮುಂಚೆ ಒಮ್ಮೆ ಹೋಗಿ ನೋಡಿ. ತರಬೇತುದಾರ ಮೊದಲ ದಿನ ಹಳೆಯ ಪೆಟ್ಟು, ಕಾಯಿಲೆ, ರಕ್ತದೊತ್ತಡಗಳ ಬಗ್ಗೆ ಕೇಳಿದನೇ? ಯಾರು ಎಷ್ಟು ಎತ್ತಿದರೆಂದು ಬರೆದಿಡುತ್ತಾನೆಯೇ, ಅಥವಾ ಗೋಡೆಗೆ ಅಂಟಿಸಿದ ಒಂದೇ ಪಟ್ಟಿ ಎಲ್ಲರಿಗೂ ಇದೆಯೇ? ಹುಡುಗ ನೋವು ಎಂದಾಗ ನಿಲ್ಲಿಸುತ್ತಾನೆಯೇ, ನಗುತ್ತಾನೆಯೇ? ಸ್ನಾಯು ದಣಿದ ಉರಿ ಬೇರೆ, ಕೀಲಿನಲ್ಲಿ ಚುಚ್ಚುವ ನೋವು ಬೇರೆ. ಪೆಟ್ಟು ತಿಂದು ಎದ್ದವನಿಗೆ ಈ ವ್ಯತ್ಯಾಸ ಬೇಗ ತಿಳಿಯುತ್ತದೆ. ಆ ತಾಯಿಯ ಪ್ರಶ್ನೆಗೆ ನನ್ನ ಉತ್ತರ ಇದೇ ಆಗಿತ್ತು. ಹಾಗೆಂದು ಪೆಟ್ಟು ತಿಂದವರೆಲ್ಲ ಗುರುಗಳಾಗುವುದಿಲ್ಲ. ಎಷ್ಟೋ ಮಂದಿ ತಮ್ಮ ನೋವಿನಿಂದ ಏನನ್ನೂ ಕಲಿಯದೆ ಅದನ್ನು ಶೌರ್ಯವೆಂದು ಹೇಳಿಕೊಳ್ಳುತ್ತಾರೆ. ಡಿಲೋರ್ಮ್ ತಮ್ಮ ಅನುಭವವನ್ನು ಎಣಿಸಿದರು, ಬರೆದಿಟ್ಟರು, ತಪ್ಪಿದ್ದಲ್ಲಿ ತಿದ್ದಿದರು.

ಸೊಂಟ ನೋವಿನ ಬಗ್ಗೆಯೂ ಎರಡು ಮಾತು. ಸಾಮಾನ್ಯ ಸೊಂಟ ನೋವಿಗೆ ವಾರಗಟ್ಟಲೆ ಮಲಗುವುದು ಒಳ್ಳೆಯದಲ್ಲ, ಆದಷ್ಟು ಓಡಾಡಿಕೊಂಡಿರುವುದೇ ಮೇಲು ಎಂಬುದು ಇಂದಿನ ವೈದ್ಯಶಾಸ್ತ್ರದ ಅಭಿಪ್ರಾಯ. ಆದರೆ ಕಾಲು ಜೋಮು ಹಿಡಿದು ಬಲ ಕಳೆದುಕೊಂಡರೆ, ಮೂತ್ರದ ಮೇಲೆ ಹಿಡಿತ ತಪ್ಪಿದರೆ ಒಂದು ದಿನವೂ ಕಾಯಬಾರದು.

ಇದೆಲ್ಲ ಹುಡುಗರ ಮಾತಾಯಿತು, ನಮಗೇನು ಎಂದು ಹಿರಿಯರು ಪುಟ ತಿರುಗಿಸಬೇಡಿ. 1990ರಲ್ಲಿ ಬಾಸ್ಟನ್ನಿನಲ್ಲಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆ ಮತ್ತು ಅವರ ಸಂಗಡಿಗರು ವೃದ್ಧಾಶ್ರಮದ ಹತ್ತು ಮಂದಿಯನ್ನು ಆರಿಸಿಕೊಂಡರು. ಅವರೆಲ್ಲ ತೊಂಬತ್ತರ ಆಸುಪಾಸಿನವರು. ಎಂಟು ವಾರ ಅವರಿಂದ ಕಾಲಿನ ಭಾರದ ವ್ಯಾಯಾಮ ಮಾಡಿಸಿದರು, ಅವರವರ ಶಕ್ತಿಗೆ ತಕ್ಕಂತೆ ಅಳೆದು, ಏರಿಸುತ್ತಾ. ಕೊನೆಯವರೆಗೆ ಉಳಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತು. ತೊಂಬತ್ತರಲ್ಲೂ ಸ್ನಾಯು ಮಾತು ಕೇಳುತ್ತದೆ.

ಆ ಹುಡುಗ ಫಿಸಿಯೋಥೆರಪಿಸ್ಟರು ಹೇಳಿದಂತೆ ನಡೆದು ಈಗ ಓಡಾಡಿಕೊಂಡಿದ್ದಾನೆ. ತರಬೇತಿಯ ಕೋರ್ಸಿಗೂ ಸೇರಿದ್ದಾನೆ. ಮೊನ್ನೆ ಅವರ ಮನೆಗೆ ಹೋಗಿದ್ದಾಗ ಒಂದು ನೋಟುಪುಸ್ತಕ ತಂದು ತೋರಿಸಿದ. ಮೊದಲ ಪುಟದಲ್ಲಿ ಅವನ ಅಜ್ಜಿಯ ಹೆಸರು. ವೈದ್ಯರನ್ನು ಕೇಳಿಯೇ ಶುರುಮಾಡಿದ್ದು ಎಂದು ತಾಯಿ ಒಳಗಿನಿಂದಲೇ ಕೂಗಿ ಹೇಳಿದರು. ಕುರ್ಚಿಯಿಂದ, ಕೈ ಊರದೆ, ಅಜ್ಜಿ ಎಷ್ಟು ಬಾರಿ ಎದ್ದು ಕೂತರೆಂದು ದಿನವೂ ಬರೆದಿದ್ದ. ಮೊದಲ ದಿನ ಎರಡು. ನಾನು ಹೋದ ದಿನ ಏಳು.